ಗುರುಲಿಂಗನ ಅಚ್ಚಕನ್ನಡ ವಿಳಾಸ

ಗುರುಲಿಂಗನಿಗೆ ಕನ್ನಡದ ಹುಚ್ಚು ಹತ್ತಿದ್ದು ಗೋವಾಕ್ಕೆ ಬಂದ ಮೇಲೆ. ಬಾಗೇವಾಡಿ ಕಡೆಯ ತನ್ನ ಊರಿನಲ್ಲಿದ್ದಾಗ ಅವನಿಗೆ ಹತ್ತಿದ್ದದ್ದು ಹಿಂದಿ ಸಿನಿಮಾದ ಹುಚ್ಚು. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು, ಎಮ್ಮೆಗೆ ಮೇವು ಹಾಕುವಾಗಲೂ ಅದನ್ನು ಹಿಂದಿಯಲ್ಲೇ ಗದರಿಸುತ್ತಿದ್ದನಂತೆ. ಇದನ್ನು ಅವನ ಹೆಂಡತಿ ಜಯಶ್ರೀಗೆ ಹೇಳಿದವಳು ಅವನ ಹೆತ್ತ ತಾಯಿ, ಆದ್ದರಿಂದ ಸುಳ್ಳು ಇರಲಿಕ್ಕಿಲ್ಲ. ಆಮೇಲೆ ಗೋವಾದ ವೆರ್ಣಾ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ರಟ್ಟಿನ ಡಬ್ಬಿ ಹೊರುವ ಕೆಲಸಕ್ಕೆ ಬಂದ, ಸೂಪರ್‌ವೈಸರನಿಂದ ಕೊಂಕಣಿಯಲ್ಲಿ ಬೈಸಿಕೊಂಡ, ಬಸ್ಸಿನಲ್ಲಿ, ಘಟ್ಟದ ಆಚೆಯಿಂದ ಬಂದವರನ್ನು ಅಲ್ಲಿಯವರು ಹೀಗಳೆಯುವಂತೆ, 'ಘಾಟಿ' ಅನ್ನಿಸಿಕೊಂಡ. ಆಗ ತಾನು ಕನ್ನಡಿಗ ಎಂಬುದು ಅವನಿಗೆ ನೆನಪಾಯಿತು. ಅಲ್ಲಿಂದ ಮುಂದೆ ಅದನ್ನು ಬೇರೆಯವರು ಮರೆಯಲಿಕ್ಕೆ ಅವನು ಬಿಡಲಿಲ್ಲ.

ಡಬ್ಬಿ ಹೊರುವುದನ್ನು ಬಿಟ್ಟು ಅವನು ಆ ಕಾರ್ಖಾನೆಗಳ ಇಂಡಸ್ಟ್ರಿಯಲ್ ಎಸ್ಟೇಟಿನ ಗುಡ್ಡದ ಕೆಳಗೆ, ನಮ್ಮ ಕಡೆಯ ಕೂಲಿಯವರೇ ತುಂಬಿಕೊಂಡಿದ್ದ ಚಾಳಿನಲ್ಲಿ ಒಂದು ಝೆರಾಕ್ಸ್ ಅಂಗಡಿ ಹಾಕಿದ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ಬಸವಣ್ಣನ ಪಟ. ಕೆಲಸ ಹುಡುಕುವವರ ಬಯೋಡಾಟಾ, ಮದುವೆ ಕಾರ್ಡು, ಹುಲಿಗೆಮ್ಮನ ಪೂಜೆಯ ಕರಪತ್ರ, ಎಲ್ಲವೂ ಅಲ್ಲೇ ತಯಾರಾಗುತ್ತಿದ್ದವು. ಅದರ ಜೊತೆಗೆ ಅವನು ವೆರ್ಣಾ ಕನ್ನಡ ಬಳಗದ ಕಾರ್ಯದರ್ಶಿಯೂ ಆದ. ಅಧ್ಯಕ್ಷ ಗಂಗಪ್ಪ ಲೇಬರ್ ಕಾಂಟ್ರಾಕ್ಟರ್. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪೆಂಡಾಲಿನ ಖರ್ಚು ಕೊಟ್ಟು, ಹಾರ ಹಾಕಿಸಿಕೊಂಡು, ಭಾಷಣಕ್ಕೆ ಮೊದಲೇ ಮನೆಗೆ ಹೋಗುವಷ್ಟು ಬುದ್ಧಿವಂತ. ಭಾಷಣ ಗುರುಲಿಂಗನದು. "ಮಕ್ಕಳಿಗೆ ಕನ್ನಡ ಕಲಸ್ರಿ, ಕನ್ನಡ ನಮ್ಮ ಉಸುರು" ಎಂದು ಅವನು ಮೈಕಿನಲ್ಲಿ ಕೂಗುವಾಗ ಕುತ್ತಿಗೆಯ ನರ ಉಬ್ಬುತ್ತಿದ್ದವು. ಮಗಳು ನಂದಾಳನ್ನು ಮಾತ್ರ ಇಂಗ್ಲಿಷ್ ಶಾಲೆಗೆ ಹಾಕಿದ್ದ. ಯಾಕೆ ಎಂದು ಯಾರಾದರೂ ಕೇಳಿದರೆ, ವೈರಿಯ ಭಾಷೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು ಎನ್ನುತ್ತಿದ್ದ.

ಮಕ್ಕಳಿಗೆ ನಿಜವಾಗಿ ಕನ್ನಡ ಕಲಿಸುತ್ತಿದ್ದವಳು ಜಯಶ್ರೀ. ಅವಳು ವಿಜಾಪುರದಲ್ಲಿ ಟಿ.ಸಿ.ಎಚ್. ಮುಗಿಸಿದ್ದಳು. ಮಾಸ್ತರಿಕೆಯ ಆರ್ಡರು ಬರುವ ಮೊದಲೇ ಮದುವೆ ಗೊತ್ತಾಯಿತು, ಗೋವಾದ ಗಂಡು ಎಂದು ಎಲ್ಲರೂ ಹೊಟ್ಟೆ ಉರಿದುಕೊಂಡರು, ಅವಳು ಸಮುದ್ರ ನೋಡುವ ಆಸೆಯಿಂದ ಬಂದಳು. ಬಂದು ನೋಡಿದ್ದು ಚಾಳಿನ ಹಿಂದಿನ ಗಟಾರ. ತಂದೆತಾಯಿ ಇಬ್ಬರೂ ಕಂಪನಿ ಬಸ್ಸು ಹತ್ತಿ ಹೋದ ಮೇಲೆ ಚಾಳಿನ ಮಕ್ಕಳು ಆ ಗಟಾರದ ಸುತ್ತಲೇ ತಿರುಗುತ್ತಿದ್ದವು. ಸರಕಾರಿ ಶಾಲೆಗೆ ಹೋದರೆ ಅಲ್ಲಿಯ ಭಾಷೆ ತಿಳಿಯುತ್ತಿರಲಿಲ್ಲ, ತಿಂಗಳೊಪ್ಪತ್ತಿನಲ್ಲಿ ಬಿಟ್ಟು ಬರುತ್ತಿದ್ದವು. ಜಯಶ್ರೀ ಅಂಗಡಿಯ ಹಿಂದಿನ ತಗಡಿನ ಖೋಲಿಯಲ್ಲಿ ಗೋಣಿಚೀಲ ಹಾಸಿ ಆ ಮಕ್ಕಳನ್ನು ಕೂರಿಸಿದಳು. ಅ ಆ ಇ ಈ ಶುರುವಾಯಿತು. ಮಕ್ಕಳು ಅವಳನ್ನು ಅಕ್ಕಾವ್ರು ಎಂದರು, ಮಕ್ಕಳ ಬಾಯಿಂದ ಅದು ಇಡೀ ಚಾಳಿಗೆ ಹೋಯಿತು. ಪಗಾರ ಅಂತ ಏನೂ ಇಲ್ಲ. ಊರಿಗೆ ಹೋಗಿ ಬಂದವರು ಜೋಳದ ಹಿಟ್ಟು ತಂದುಕೊಡುತ್ತಿದ್ದರು. ಟೆಂಪೋ ಓಡಿಸುವ ಬಾಬುಸಾಬ ತನ್ನ ಮಗಳು ಯಾಸ್ಮೀನಳ ಓದಿಗೆಂದು ತಿಂಗಳಿಗೊಮ್ಮೆ ಒಳ್ಳೆಯ ಬಾಂಗಡೆ ಮೀನು ಕಳಿಸುತ್ತಿದ್ದ. ಲಿಂಗವಂತರ ಮನೆಗೆ ಮೀನು ಕಳಿಸಬಾರದು ಎಂದು ಅವನಿಗೆ ಹೇಳುವ ಮನಸ್ಸು ಯಾರಿಗೂ ಆಗಲಿಲ್ಲ. ಅದು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಹುಲಿಗೆವ್ವನಿಗೆ ದಾಟುತ್ತಿತ್ತು.

ಇಂಟರ್ನೆಟ್ಟು ಚಾಳಿಗೆ ಬಂದದ್ದೂ ಗುರುಲಿಂಗನ ಅಂಗಡಿಯ ಮೂಲಕವೇ. ಅವನು ಕನ್ನಡದಲ್ಲೇ ಮೇಲ್ ಬರೆಯುತ್ತೇನೆಂದು ಹೊರಟ. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಕಾಲದ ಕನ್ನಡ ಫಾಂಟು. ಅದರ ಒಳಗೆ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಅದೇ ಫಾಂಟು ಇರುವ ಯಂತ್ರದಲ್ಲಿ ವೇಷ ನಿಲ್ಲುತ್ತಿತ್ತು; ಇಲ್ಲದ ಯಂತ್ರಕ್ಕೆ ಹೋದರೆ ಕಳಚಿ ಬೀಳುತ್ತಿತ್ತು. ಬಾಬುಸಾಬ ಒಮ್ಮೆ ದುಬೈಯಲ್ಲಿದ್ದ ತಮ್ಮ ಫಯಾಜನಿಗೆ, ಅಮ್ಮನ ಕಣ್ಣಿನ ಆಪರೇಶನ್ ಚಲೋ ಆಗಿದೆ, ಚಿಂತೆ ಬೇಡ ಎಂದು ಬರೆಸಿದ. ಫಯಾಜನ ಪರದೆಯ ಮೇಲೆ ಬಂದದ್ದು ಒಂದು ಪಿ, ಟೋಪಿ ಹಾಕಿಕೊಂಡ ಒಂದು ಎ, ಪೌಂಡಿನ ಗುರುತು, ಮತ್ತೆ ಟೋಪಿಯ ಎ, ಹೀಗೆ ಒಂದು ಪುಟ. ಅವನು ಹೆದರಿ ಫೋನು ಮಾಡಿದ. "ಅಣ್ಣಾ, ಅಮ್ಮಗ ಏನಾತು? ಖರೇ ಹೇಳು," ಎಂದು ಅತ್ತೇಬಿಟ್ಟ.

"ದುಬೈ ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲ. ಅದಕ್ಕ ನಾ ಏನ್ ಮಾಡ್ಲಿ?" ಎಂದ ಗುರುಲಿಂಗ.

ದುಬೈ ಇರಲಿ, ನವೆಂಬರಿನ ಕಾರ್ಯಕ್ರಮಕ್ಕೆ ಬರಬೇಕೆಂದು ಬೆಂಗಳೂರಿನ ಒಬ್ಬ ಸಾಹಿತಿಗೆ ಕಳಿಸಿದ ಆಹ್ವಾನಕ್ಕೂ ಅದೇ ಗತಿಯಾಯಿತು. ನಿಮ್ಮ ಕಡೆಯಿಂದ ವೈರಸ್ ಬಂದಿದೆ, ಅಳಿಸಿ ಹಾಕಿದ್ದೇನೆ, ನೀವೂ ಎಚ್ಚರದಿಂದಿರಿ ಎಂದು ಆ ಸಾಹಿತಿಗಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಬೆಂಗಳೂರಿನಲ್ಲಿ ಕನ್ನಡ ಸತ್ತಿದೆ ಎಂಬುದಕ್ಕೆ ಗುರುಲಿಂಗ ಆ ಉತ್ತರವನ್ನು ಪ್ರಿಂಟು ತೆಗೆದು ಅಂಗಡಿಯಲ್ಲಿ ಅಂಟಿಸಿದ. ತಾನು ಕಳಿಸಿದ್ದು ಏನು ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡುವ ಯೋಚನೆ ಅವನಿಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡ್ ಕನ್ನಡ ಬಂತು. ಜನ ಕಡೆಗೂ ಅವನ ಮೇಲುಗಳನ್ನು ಓದತೊಡಗಿದರು, ಓದಿ ಉತ್ತರ ಬರೆಯದೆ ಸುಮ್ಮನಿರತೊಡಗಿದರು.

ಆದರೂ ಒಂದು ಮುಳ್ಳು ಉಳಿದಿತ್ತು. ಪತ್ರವೆಲ್ಲ ಕನ್ನಡದಲ್ಲಿ, ಮೇಲಿನ ವಿಳಾಸ ಮಾತ್ರ ಇಂಗ್ಲಿಷಿನಲ್ಲಿ. ಧೋತರ ಉಟ್ಟು ಟೈ ಕಟ್ಟಿದಂತೆ ಅದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಎರಡು ಸಾವಿರದ ಒಂಬತ್ತರಲ್ಲಿ, ವಿಳಾಸವನ್ನೂ ಕನ್ನಡದಲ್ಲೇ ಕೊಳ್ಳಬಹುದು ಎಂದು ಅವನಿಗೆ ಯಾರೋ ಹೇಳಿದರು. ಮರುದಿನವೇ ಪಣಜಿಗೆ ಹೊರಟ. ಪಾಟಿ, ಬಳಪ ತರಬೇಕಿದ್ದ ಜಯಶ್ರೀಯೂ ಅವನ ಹಿಂದೆ ಬಸ್ಸು ಹತ್ತಿದಳು.

ಪಣಜಿಯ ಮಾರ್ಕೆಟ್ಟಿನ ಹತ್ತಿರ, ಮಹಡಿಯ ಮೇಲೆ, ವೆಬ್‌ಸೈಟು ಮಾಡಿಕೊಡುವ ಸಣ್ಣ ಕಂಪನಿ. ಅಲ್ಲಿದ್ದವನು ಬೆಳಗಾವಿ ಕಡೆಯ ತರುಣ, ಮಾತಿನಲ್ಲಿ ಮರ್ಯಾದೆ ಇತ್ತು. ಅವನು ಬಳಗದ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿ ಒಂದು ಗುಂಡಿ ಒತ್ತಿದ. ಹೆಸರು ಮಾಯವಾಗಿ ಅಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, ಅವುಗಳ ಹಿಂದೆ ನಾಲಿಗೆ ಹೊರಳದ ಒಂದು ಸಾಲು ಇಂಗ್ಲಿಷ್ ಅಕ್ಷರ ಮತ್ತು ಅಂಕಿ ನಿಂತವು.

"ಇದೇನು ವಿಳಾಸೋ, ಟ್ರಕ್ಕಿನ ಎಂಜಿನ್ ನಂಬರೋ?" ಗುರುಲಿಂಗ ಕುರ್ಚಿಯಿಂದ ಅರ್ಧ ಎದ್ದ.

"ಸರ್, ಕೂಡ್ರಿ. ಕನ್ನಡ ಹೆಸರು ನಮಗ ಕಾಣಾಕ. ಮಷಿನ್ ಒಳಗ ಹರಿದಾಡೂದು ಇದ. ಮೇಲ್ ಕಳಸೂ ಸಾಫ್ಟ್‌ವೇರ್ ಶಾಣ್ಯಾ ಇದ್ರ ಕನ್ನಡಾನ ತಾನ ಹಿಂಗ ಬದಲಿ ಮಾಡಿಕೊಂಡು ಕಳಸ್ತೈತಿ. ಶಾಣ್ಯಾ ಇಲ್ಲಂದ್ರ ವಿಳಾಸ ತಪ್ಪು ಅಂತ ಹೇಳಿ ಕೈ ಎತ್ತತೈತಿ. ಸದ್ಯಕ್ಕ ಭಾಳ ಸಾಫ್ಟ್‌ವೇರ್ ಶಾಣ್ಯಾ ಇಲ್ರಿ. ಅದಕ್ಕ ನಿಮ್ಮ ಕಾಗದದ ಮ್ಯಾಲ ಕನ್ನಡ ವಿಳಾಸದ ಕೆಳಗ ಇದನ್ನೂ ಸಣ್ಣದಾಗಿ ಹಾಕ್ರಿ. ನಿಮ್ಮ ಹಳೇ ಇಂಗ್ಲಿಷ್ ವಿಳಾಸಾನೂ ಇರಲಿ."

"ಹಳೇದೂ ಇರಲಿ ಅನ್ನಾಕತ್ತಾರ, ಕೇಳ್ರಿ," ಎಂದಳು ಜಯಶ್ರೀ.

ಗುರುಲಿಂಗ ಕೇಳಲಿಲ್ಲ. ಅವನಿಗೆ ಆಗಲೇ ಇನ್ನೊಂದು ಜಗಳ ಸಿಕ್ಕಿತ್ತು. ವಿಳಾಸದ ಎಡಗಡೆಯ ಭಾಗ, ಅಂದರೆ ಸುತ್ತು ಹಾಕಿದ ಎ ಗುರುತಿನ ಮುಂದೆ ಬರುವ ಹೆಸರು, ಇಂಗ್ಲಿಷಿನಲ್ಲೇ ಇರಬೇಕಂತೆ. ಅಲ್ಲಿ 'ಕಾರ್ಯದರ್ಶಿ' ಎಂದು ಇರತಕ್ಕದ್ದು ಎಂದು ಅವನು ಮೇಜು ಕುಟ್ಟಿದ. ಅದಕ್ಕೆ ಇನ್ನೂ ಜಗತ್ತಿನಲ್ಲಿ ದಾರಿಯೇ ಆಗಿಲ್ಲ ಎಂದು ಆ ತರುಣ ಕೈ ಮುಗಿದ. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಗುರುಲಿಂಗನಿಗೆ ಉಪಾಯ ಹೊಳೆಯಿತು. ಅಲ್ಲಿ ಬರೀ ಒಂದು ಎಂಬ ಅಂಕಿ ಹಾಕು ಎಂದ. ಅಂಕಿಗೆ ಜಾತಿಯಿಲ್ಲ, ಅದು ಇಂಗ್ಲಿಷೂ ಅಲ್ಲ. ಹಾಗೆ ವೆರ್ಣಾ ಕನ್ನಡ ಬಳಗದ ಕಾರ್ಯದರ್ಶಿ ಜಗತ್ತಿನ ಪಾಲಿಗೆ ಒಂದನೇ ನಂಬರು ಆದ. ಇಳಿಯುವಾಗ ಮೆಟ್ಟಿಲ ಮೇಲೆಯೇ ಅವನ ಎದೆ ಉಬ್ಬಿತ್ತು.

ಆ ವಿಳಾಸಕ್ಕೆ ಉದ್ಘಾಟನೆಯೂ ಆಯಿತು. ಬೇರೆಯವರು ಕಟ್ಟಡ ಉದ್ಘಾಟಿಸುತ್ತಾರೆ, ಬಾವಿ ಉದ್ಘಾಟಿಸುತ್ತಾರೆ. ಇಮೇಲ್ ವಿಳಾಸಕ್ಕೆ ಟೇಪು ಕಟ್ಟಿ ಕತ್ತರಿಸಿದ್ದು ನಮ್ಮ ವೆರ್ಣಾದವರೇ ಇರಬೇಕು. ಕೀಬೋರ್ಡಿಗೆ ಕುಂಕುಮ ಹಚ್ಚಿದರು. ಗಂಗಪ್ಪ ಕಾಯಿ ಒಡೆದದ್ದು ಸ್ವಲ್ಪ ಜೋರಾಗಿ, ಕಾಯಿಯ ನೀರು ಮೌಸಿನೊಳಗೆ ಹೋಗಿ ಮರುದಿನ ಹೊಸದು ತರಬೇಕಾಯಿತು. ಮೊದಲ ಮೇಲನ್ನು ಗುರುಲಿಂಗ ಅದೇ ವಿಳಾಸದಿಂದ ಅದೇ ವಿಳಾಸಕ್ಕೆ ಕಳಿಸಿದ. ಪಣಜಿಯ ಕಂಪನಿಯವರ ಸರ್ವರಿನಲ್ಲೇ ಹೊರಟು ಅಲ್ಲೇ ಸೇರಿದ್ದರಿಂದ ಅದು ತಕ್ಷಣ ಬಂತು. ಜನ ಚಪ್ಪಾಳೆ ತಟ್ಟಿದರು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತನಗೆ ತಾನೇ ಒಂದು ಶುಭೋದಯ ಕಳಿಸಿಕೊಂಡು, ಅದು ಬಂದದ್ದನ್ನು ನೋಡಿ, ವ್ಯವಸ್ಥೆ ಸರಿಯಿದೆ ಎಂದು ತಲೆಯಾಡಿಸುತ್ತಿದ್ದ. ಆ ವಿಳಾಸಕ್ಕೆ ಪತ್ರ ಬರೆಯಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ತಪ್ಪದೆ ಬರೆಯುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಅವನು ಬಳಗದ ಲೆಟರ್‌ಹೆಡ್ಡನ್ನು ಹೊಸದಾಗಿ ಅಚ್ಚು ಹಾಕಿಸಿದ. ಕೆಂಪು ಹಳದಿ ಅಂಚು, ನಡುವೆ ಭುವನೇಶ್ವರಿ, ಕೆಳಗೆ ದಪ್ಪ ಅಕ್ಷರದಲ್ಲಿ ವಿಳಾಸ. ಪಣಜಿಯಲ್ಲಿ ಜಾತಿಯಿಲ್ಲದ್ದಾಗಿದ್ದ ಅಂಕಿ ಇಲ್ಲಿ ಕನ್ನಡದ ೧ ಆಯಿತು. ಕೊನೆಗೆ ಬರುವ ಕಾಮ್ ಎಂಬುದೊಂದು ಇಂಗ್ಲಿಷಿನಲ್ಲಿ ಯಾಕೆ ಎಂದು ಅದನ್ನೂ 'ಕಾಂ' ಎಂದು ಕನ್ನಡದಲ್ಲೇ ಹಾಕಿಸಿದ. ಹೀಗಾಗಿ ಕೊಂಡ ವಿಳಾಸವೇ ಬೇರೆ, ಅಚ್ಚಾದ ವಿಳಾಸವೇ ಬೇರೆ ಆಗಿ ಶಾಣ್ಯಾ ಸಾಫ್ಟ್‌ವೇರಿಗೂ ಅವನನ್ನು ಮುಟ್ಟುವ ದಾರಿ ಉಳಿಯಲಿಲ್ಲ. ಎಂಜಿನ್ ನಂಬರಿನಂಥ ಸಾಲು ಇಲ್ಲ, ಹಳೆಯ ವಿಳಾಸ ಇಲ್ಲ, ಅಂಚೆಯ ವಿಳಾಸವನ್ನೂ ಫೋನ್ ನಂಬರನ್ನೂ ತೆಗೆಸಿದ. ಅವುಗಳ ಜಾಗದಲ್ಲಿ ಒಂದು ಸಾಲು: ಈ ಬಳಗದೊಡನೆ ವ್ಯವಹಾರ ಮೇಲಿನ ಅಚ್ಚಕನ್ನಡ ವಿಳಾಸದಲ್ಲಿ ಮಾತ್ರ.

"ಮತ್ತ ಯಾರರ ಜರೂರ ಮಾತಾಡೂದಿದ್ರ?" ಎಂದು ಜಯಶ್ರೀ ಕೇಳಿದಳು.

"ಕನ್ನಡದ ಮ್ಯಾಲ ಪ್ರೀತಿ ಇದ್ದವರು ಹೆಂಗರ ಮಾಡಿ ಮುಟ್ಟತಾರ. ಇಲ್ಲದವರು ನಮಗ ಬ್ಯಾಡ."

ಜರೂರಿನದು ಬಂದೇಬಂತು, ಅದೂ ಜಯಶ್ರೀಯದೇ. ಹೊರನಾಡಿನ ಕನ್ನಡ ಮಕ್ಕಳಿಗೆಂದು ಬೆಂಗಳೂರಿನ ಶಿಕ್ಷಣ ನಿಧಿಯೊಂದು ಗೋವಾದಲ್ಲಿ ಒಂದು ಕಡೆ ಶಾಲೆ ನಡೆಸಲು ನೆರವು ಕೊಡುವುದಿತ್ತು. ಪಕ್ಕಾ ಖೋಲಿ, ಬೆಂಚು, ಪುಸ್ತಕ, ಟಿ.ಸಿ.ಎಚ್. ಆದ ಒಬ್ಬ ಶಿಕ್ಷಕಿಗೆ ಪಗಾರ, ಆ ಶಿಕ್ಷಕಿಯ ಹೆಸರಿನಲ್ಲಿ ಆರ್ಡರು. ಆ ಆರ್ಡರು ಎಂಬ ಮಾತನ್ನು ಜಯಶ್ರೀ ಇನ್ನೊಮ್ಮೆ ಹೇಳಿಸಿ ಕೇಳಿದಳು. ಇಷ್ಟು ವರ್ಷ ಕಲಿಸಿದ್ದಾಳೆ, ಒಂದು ದಿನವೂ ಶಿಕ್ಷಕಿ ಎಂದು ಎಲ್ಲಿಯೂ ಸಹಿ ಮಾಡಿಲ್ಲ. ಇನ್ನೊಂದು ಕಡೆ ಕೈ ಬಿಗಿಯಾಗಿತ್ತು. ಉದ್ಘಾಟನೆ, ಲೆಟರ್‌ಹೆಡ್ಡು, ಬ್ಯಾನರು ಎಂದು ಗುರುಲಿಂಗ ಅಂಗಡಿಯನ್ನು ಅರ್ಧ ಮುಳುಗಿಸಿದ್ದ. ಹುಲಿಗೆವ್ವ ತಾನು ಕೆಲಸ ಮಾಡುವ ವೆರ್ಣಾದ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಬಾ ಎಂದು ಕರೆಯುತ್ತಲೇ ಇದ್ದಳು. ಜಯಶ್ರೀ ಕಂಪನಿ ಬಸ್ಸು ಹತ್ತಿದರೆ ಗೋಣಿಚೀಲದ ಮೇಲಿನ ಮಕ್ಕಳು ಮತ್ತೆ ಗಟಾರಕ್ಕೆ. ಆರ್ಡರು ಬಂದರೆ ಮಾತ್ರ ಶಾಲೆ ಉಳಿಯುತ್ತದೆ, ಅದು ಅವಳಿಗೆ ಸ್ಪಷ್ಟವಿತ್ತು.

ಅರ್ಜಿಯನ್ನು ಅವಳೇ ಬರೆದಳು. ಮಕ್ಕಳ ಹೆಸರು, ಯಾವ ಮಗುವಿಗೆ ಎಷ್ಟು ಓದು ಬರುತ್ತದೆ, ತಗಡು ಎಲ್ಲಿ ಸೋರುತ್ತದೆ, ಎಲ್ಲ ಇತ್ತು. ಗುರುಲಿಂಗ ಅದನ್ನು ಹೊಸ ಲೆಟರ್‌ಹೆಡ್ಡಿನ ಮೇಲೆ ಟೈಪು ಮಾಡಿ ಅಂಚೆಗೆ ಹಾಕಿದ. ಕೆಳಗೆ ಒಂದು ಫೋನ್ ನಂಬರು ಹಾಕ್ರಿ ಎಂದು ಅವಳು ಅಂಗಲಾಚಿದಳು. ಅವನು ಅರ್ಧ ತಾಸು ಭಾಷಣ ಮಾಡಿದ. ಹದಿನೈದು ದಿನಕ್ಕೆ ಬೆಂಗಳೂರಿನಿಂದ ಒಂದು ಕಾರ್ಡು ಬಂತು: ಅರ್ಜಿ ತಲುಪಿದೆ, ಮುಂದಿನದೆಲ್ಲ ಇಮೇಲಿನಲ್ಲೇ ತಿಳಿಸುತ್ತೇವೆ, ದಯವಿಟ್ಟು ಫೋನು ಮಾಡಬೇಡಿ.

"ನೋಡಿದೇನು? ಮೇಲ್‌ನ್ಯಾಗ ತಿಳಸ್ತಾರಂತ," ಎಂದು ಗುರುಲಿಂಗ ಗೆದ್ದವನಂತೆ ಕಾರ್ಡನ್ನು ಬೀಸಿದ.

ಅಂದಿನಿಂದ ಜಯಶ್ರೀ ದಿನಾ ಪಾಠ ಮುಗಿಸಿ ಕೈಗೆ ಹತ್ತಿದ ಬಳಪದ ಪುಡಿ ಒರೆಸಿಕೊಳ್ಳುತ್ತ ಅಂಗಡಿಗೆ ಬರುವಳು. "ಬಂತೇನ್ರಿ?" "ಬಂದಿಲ್ಲ." "ಏನೂ ಬಂದಿಲ್ಲೇನ್ರಿ?" "ಒಂದು ಬಂದೈತಿ, ನನ್ನದ." ಹೀಗೆ ಚಳಿಗಾಲ ಕಳೆಯಿತು. ಅವಳಿಗೆ ಪಣಜಿಯ ತರುಣನ ಮಾತು ನೆನಪಿತ್ತು. ಬಾಬುಸಾಬನಿಗೆ ಹೇಳಿ ದುಬೈಯ ಫಯಾಜನಿಂದ ಆ ವಿಳಾಸಕ್ಕೆ ಒಂದು ಮೇಲ್ ಹಾಕಿಸಿ ನೋಡಿದಳು. ಫಯಾಜ ಅಂದೇ ಫೋನು ಮಾಡಿದ. ವಿಳಾಸ ಹಾಕಿದ ಕೂಡಲೇ ಕೆಂಪು ಅಕ್ಷರ ಬರುತ್ತದೆ, ಕಳಿಸಲಿಕ್ಕೇ ಬಿಡುವುದಿಲ್ಲ ಎಂದ. ಅವಳು ಓಡಿಹೋಗಿ ಗಂಡನಿಗೆ ಹೇಳಿದಳು.

"ಅದು ಅರಬರ ಕಂಪ್ಯೂಟರ್. ಬೆಂಗಳೂರಿನವರದು ಕನ್ನಡದ್ದು. 'ಹೊರನಾಡ ಕನ್ನಡ' ಅಂತ ಬೋರ್ಡ್ ಹಾಕ್ಯಾರ, ಅಷ್ಟೂ ತಿಳಿಯಂಗಿಲ್ಲೇನು ಅವರಿಗೆ?"

"ನಾ ಒಮ್ಮೆ ಫೋನ್ ಮಾಡಿ ಕೇಳ್ತೇನ್ರಿ."

"ಮಾಡಬ್ಯಾಡ ಅಂದವರಿಗೆ ಮಾಡಿದ್ರ ಬಂದ ಕೆಲಸಾನೂ ಹೋಗತೈತಿ. ಪತ್ರವ್ಯವಹಾರ ಕಾರ್ಯದರ್ಶಿದು, ಅಕ್ಕಾವ್ರದಲ್ಲ. ನೀ ನಿನ್ನ ಕಾಗುಣಿತ ನೋಡಿಕೋ."

ಆ ಕಾಗುಣಿತದ ಮಾತು ಅವಳಿಗೆ ನಾಟಿತು. ಆದರೂ ಫೋನು ಮಾಡಲಿಲ್ಲ. ಫೋನು ಮಾಡಬೇಡಿ ಎಂದು ಕಾರ್ಡಿನಲ್ಲಿ ಬರೆದದ್ದು ನಿಜವಿತ್ತು, ಗಂಡಸು ಇಷ್ಟು ಖಚಿತವಾಗಿ ಹೇಳುವಾಗ ಎಲ್ಲೋ ಏನೋ ಗೊತ್ತಿರಬೇಕು ಎಂಬ ಹಳೆಯ ಅಭ್ಯಾಸವೂ ಇತ್ತು. ಅವಳು ಮಾಡಿದ ತಪ್ಪು ಇದೊಂದೇ. ಆ ತಪ್ಪನ್ನು ಎಷ್ಟೋ ಹೆಣ್ಣುಮಕ್ಕಳು ಜೀವಮಾನವಿಡೀ ಮಾಡುತ್ತಾರೆ, ಅವಳು ಒಂದು ಬೇಸಿಗೆ ಮುಗಿಯುವ ತನಕ ಮಾಡಿದಳು.

ಮೇ ಕೊನೆಗೆ ಹುಲಿಗೆವ್ವ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾವ್ರ, ಸೂಪರ್‌ವೈಸರ್ ಇವತ್ತ ಕೇಳಿದ. ಸೋಮವಾರ ಬರ್ತೀರಂದ್ರ ಜಾಗಾ ನಿಮ್ಮದು, ಇಲ್ಲಂದ್ರ ಬ್ಯಾರೆಯವರಿಗೆ ಕೊಡ್ತಾನಂತ. ನಾ ಎಷ್ಟಂತ ತಡೀಲಿ?" ಎಂದಳು. ಅಂಗಡಿಯಲ್ಲಿ ಗುರುಲಿಂಗ ಜೂನಿನ ಸಭೆಗೆ ಬ್ಯಾನರಿನ ಅಕ್ಷರ ಯಾವ ಬಣ್ಣದಲ್ಲಿರಬೇಕು ಎಂದು ಗಂಗಪ್ಪನೊಡನೆ ವಾದ ಮಾಡುತ್ತಿದ್ದ. ಜಯಶ್ರೀ ದೇವರ ಜಗುಲಿಯ ಹಿಂದಿಟ್ಟಿದ್ದ, ನಿಧಿಯ ಫೋನ್ ನಂಬರು ಅಚ್ಚಾಗಿದ್ದ ಕಾರ್ಡನ್ನು ತೆಗೆದುಕೊಂಡಳು. ರಸ್ತೆಯ ಬದಿಯಲ್ಲಿ ಟೆಂಪೋ ತೊಳೆಯುತ್ತಿದ್ದ ಬಾಬುಸಾಬನ ಹತ್ತಿರ ನೇರವಾಗಿ ಹೋಗಿ ಅವನ ಮೊಬೈಲು ಕೇಳಿದಳು. ಅವನು ಕೈ ಒರೆಸಿಕೊಂಡು ಕೊಟ್ಟು, ದೂರ ಸರಿದು ನಿಂತ.

ಆ ಕಡೆ ಎತ್ತಿಕೊಂಡವರು ನಿಧಿಯ ಮೇಡಂ. ಬೆಂಗಳೂರಿನ ಮೃದುವಾದ ಕನ್ನಡ.

"ವೆರ್ಣಾ ಕನ್ನಡ ಬಳಗಾನಾ? ಅಯ್ಯೋ, ನೀವು ನಿಜವಾಗ್ಲೂ ಇದ್ದೀರಾ?" ಎಂದರು. "ನಿಮ್ಮ ಅರ್ಜೀನೇ ಎಲ್ಲಕ್ಕಿಂತ ಚೆನ್ನಾಗಿತ್ತಮ್ಮಾ. ಬಂದು ಶಾಲೆ ನೋಡ್ತೀವಿ, ದಿನ ಹೇಳಿ ಅಂತ ಎಷ್ಟು ಸಲ ಮೇಲ್ ಮಾಡೋಕೆ ನೋಡಿದ್ವಿ. ಆ ವಿಳಾಸ ಹಾಕಿದ್ರೆ ಸಾಕು, ತಪ್ಪು ಅಂತ ತೋರಿಸಿ ಕಳಿಸೋಕೇ ಬಿಡಲ್ಲ. ಫೋನ್ ಮಾಡೋಣ ಅಂದ್ರೆ ಲೆಟರ್‌ಹೆಡ್‌ನಲ್ಲಿ ನಂಬರೇ ಇಲ್ಲ. ಅಂಚೆ ವಿಳಾಸ ಇದ್ದದ್ದು ಲಕೋಟೆ ಮೇಲೆ ಮಾತ್ರ, ಕಾರ್ಡ್ ಹಾಕಿದ ಮೇಲೆ ಅದನ್ನ ಯಾರೋ ಎಸೆದುಬಿಟ್ಟಿದ್ರು. ಉತ್ತರ ಬರದೇ ಇದ್ದವರಿಗೆ ಆಸಕ್ತಿ ಇಲ್ಲ ಅಂತ ತಿಳ್ಕೊಳ್ಳೋದು ನಮ್ಮಲ್ಲಿ ನಿಯಮ. ಕಡೆಗೆ ಆ ನೆರವನ್ನ ನಿಮ್ಮ ಗೋವಾದ್ದೇ ಕುಂಕಳ್ಳಿಯ ಸಂಘದವರಿಗೆ ಕೊಟ್ವಿ."

"ಅಲ್ಲಿ ಅಕ್ಕಾವ್ರು... ಶಿಕ್ಷಕಿ ಸಿಕ್ಕಾರೇನ್ರಿ?"

"ಹೋದ ವಾರಾನೇ ಆರ್ಡರ್ ಕಳಿಸಿದ್ವಿ. ಇನ್ನು ಮೂರು ವರ್ಷ ಗೋವಾಗೆ ಬೇರೆ ಇಲ್ಲ."

ಟೆಂಪೋದಿಂದ ನೀರು ಹರಿದು ಜಯಶ್ರೀಯ ಚಪ್ಪಲಿಯ ಕೆಳಗೆ ಬಂದಿತ್ತು. ಕುಂಕಳ್ಳಿಯಲ್ಲಿ ಯಾರೋ ಒಬ್ಬಳು ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಾಳೆ. ಅವಳ ಸಂಘದವರು ಅರ್ಜಿಯಲ್ಲಿ ಏನು ಬರೆದಿದ್ದರೋ, ಮೇಲ್ ಮುಟ್ಟುವಂಥ ಒಂದು ವಿಳಾಸವನ್ನಂತೂ ಬರೆದಿದ್ದರು. ಜಯಶ್ರೀಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ ಕೈಯಲ್ಲಿದ್ದದ್ದು ಬಾಬುಸಾಬನ ಮೊಬೈಲು ಆಗಿರದಿದ್ದರೆ ರಸ್ತೆಗೆ ಎಸೆಯುತ್ತಿದ್ದಳು.

ಮೇಡಂ ಫೋನು ಇಟ್ಟಿರಲಿಲ್ಲ. ಅವರ ದನಿಯಲ್ಲಿ ಈಗ ಉತ್ಸಾಹ ಬಂದಿತ್ತು.

"ಆದ್ರೆ ನೀವು ಫೋನ್ ಮಾಡಿದ್ದು ಎಷ್ಟು ಒಳ್ಳೇದಾಯ್ತು ನೋಡಿ. ನಿಮ್ಮ ಲೆಟರ್‌ಹೆಡ್ ಕಂಡು ನಮ್ಮ ಕಮಿಟಿಯವರೆಲ್ಲ ಬೆರಗಾಗಿಬಿಟ್ಟಿದ್ದಾರೆ. ಅದಕ್ಕೆ ಕಟ್ಟು ಹಾಕಿಸಿ ಆಫೀಸಲ್ಲಿ ತೂಗುಹಾಕಿದ್ದೀವಿ. ಹೊರನಾಡಲ್ಲಿ ಕೂತು ಇಮೇಲ್ ವಿಳಾಸಾನೂ ಕನ್ನಡದಲ್ಲೇ ಮಾಡ್ಕೊಂಡಿರೋರು ಇನ್ಯಾರಿದ್ದಾರೆ ಹೇಳಿ. ಆ ಕಾರ್ಯದರ್ಶಿ ಗುರುಲಿಂಗ ಅನ್ನೋರು..."

"ನಮ್ಮ ಮನಿಯವರು."

"ಹೌದಾ! ಪುಣ್ಯವಂತೆ ನೀವು. ಮುಂದಿನ ತಿಂಗಳು ನಮ್ಮ ವಾರ್ಷಿಕೋತ್ಸವದಲ್ಲಿ ಅವರಿಗೆ 'ಗಣಕ ಕನ್ನಡ ಕಣ್ಮಣಿ' ಅಂತ ಬಿರುದು ಕೊಟ್ಟು ಸನ್ಮಾನ ಮಾಡ್ಬೇಕು ಅಂತ ಆಗಿದೆ. ಶಾಲು, ಪೇಟ, ಫಲಕ, ಎಲ್ಲಾ. ಮಂತ್ರಿಗಳೂ ಬರ್ತಾರೆ. ತಿಳಿಸೋದು ಹೇಗೆ ಅಂತಾನೇ ಒದ್ದಾಡ್ತಿದ್ವಿ. ನೀವೇ ಅವರಿಗೆ ಹೇಳಿಬಿಡ್ತೀರಾ?"

ಸನ್ಮಾನ. ಗುರುಲಿಂಗ ಜೀವ ಇಟ್ಟುಕೊಂಡಿದ್ದದ್ದೇ ಆ ಒಂದು ಶಬ್ದಕ್ಕಾಗಿ ಎಂಬುದು ಅವಳಿಗೆ ಗೊತ್ತಿತ್ತು. ಬೇರೆಯವರ ಸನ್ಮಾನದ ಫೋಟೋ ಪೇಪರಿನಲ್ಲಿ ಬಂದರೆ ಅವನು ಆ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕನ್ನಡಿಯ ಮುಂದೆ ಟವೆಲನ್ನು ಶಾಲಿನಂತೆ ಹೊದ್ದು ನೋಡಿಕೊಳ್ಳುತ್ತಿದ್ದುದನ್ನು ಅವಳು ಒಮ್ಮೆ ಕಂಡು, ಪಾಪ ಎಂದುಕೊಂಡು, ಕಾಣದಂತೆ ಹಿಂದೆ ಸರಿದಿದ್ದಳು. ಇವತ್ತು ಹೋಗಿ ಹೇಳಿದರೆ ಅವನು ಚಾಳಿಗೆಲ್ಲ ಪೇಢೆ ಹಂಚುತ್ತಾನೆ. ಶಾಲೆ ಹೋದದ್ದು ಅವನ ಕಿವಿಗೂ ಬೀಳುವುದಿಲ್ಲ. ವೇದಿಕೆಯ ಮೇಲೆ ಪಕ್ಕದ ಕುರ್ಚಿಯಲ್ಲಿ ಅವಳೂ ಕೂತು ಉಡಿ ತುಂಬಿಸಿಕೊಂಡು ನಗಬೇಕು. ಮುಂದಿನ ನವೆಂಬರಿನಲ್ಲಿ ಅದರದೇ ಭಾಷಣ.

"ಮೇಡಮ್ಮರ," ಎಂದಳು. ದನಿ ಸರಿ ಮಾಡಿಕೊಂಡಳು. "ನಾ ಹೇಳಿದ್ರ ಅವರಿಗೆ ಸೇರಂಗಿಲ್ರಿ. ಬಾಯಿ ಮಾತು, ಫೋನು, ಅವರಿಗೆ ಬ್ಯಾಡ. ಲೆಟರ್‌ಹೆಡ್ಡಿನ್ಯಾಗ ಬರದಾರ ನೋಡ್ರಿ, ಆ ವಿಳಾಸದಾಗ ಮಾತ್ರ ಅಂತ. ಅಲ್ಲಿಗೇ ಬರೀರಿ."

"ಆದ್ರೆ ಅದಕ್ಕೆ ಹೋಗೋದೇ ಇಲ್ವಲ್ಲಮ್ಮಾ?"

"ಈಗ ಸರಿ ಆಗೈತ್ರಿ. ನಾ ದಿನಾ ನೋಡ್ತೇನಲ್ಲ, ಮುಂಜಾನೆ ಮುಂಜಾನೆ ತಪ್ಪದ ಮೇಲ್ ಬರತೈತಿ. ನೀವು ಬರದು ನೋಡ್ರಿ. ಉತ್ತರ ಬರಲಿಲ್ಲ ಅಂದ್ರ ಅವರಿಗೆ ಆಸಕ್ತಿ ಇಲ್ಲಂತ ತಿಳಕೋರಿ. ನಿಮ್ಮಲ್ಲಿ ಹಂಗ ನಿಯಮ ಐತಿ ಅಂದ್ರೆಲ್ಲ."

ಮೇಡಂ "ಅಬ್ಬಾ, ಎಂಥಾ ಸ್ವಾಭಿಮಾನಿ," ಎಂದು ಮೆಚ್ಚಿಕೊಂಡು ಫೋನು ಇಟ್ಟರು.

ಜಯಶ್ರೀ ಮೊಬೈಲನ್ನು ಸೆರಗಿನಿಂದ ಒರೆಸಿ ಬಾಬುಸಾಬನ ಕೈಗೆ ಕೊಟ್ಟಳು. ಅವಳಿಗೆ ಪಶ್ಚಾತ್ತಾಪವಾಗಲಿಲ್ಲ. ಸಮಾಧಾನವೂ ಆಗಲಿಲ್ಲ. ತಗಡಿನ ಖೋಲಿಯ ಕಡೆಯಿಂದ ಮಕ್ಕಳು ಅಕ್ಕಾವ್ರು ಇಲ್ಲದ್ದನ್ನು ನೋಡಿ ಗದ್ದಲ ಎಬ್ಬಿಸಿದ್ದವು, ಅದರಲ್ಲಿ ಯಾಸ್ಮೀನಳ ಬಾಯಿಯೇ ಎಲ್ಲಕ್ಕಿಂತ ಜೋರಾಗಿತ್ತು.

"ಏನಂದ್ರು ಅಕ್ಕಾವ್ರ? ಸಾಲಿ ಬರತೈತಿಲ್ರಿ?" ಎಂದ ಬಾಬುಸಾಬ.

"ಇಲ್ಲ ಬಾಬುಸಾಬ. ಕುಂಕಳ್ಳಿಗೆ ಹೋತು. ಸೋಮವಾರದಿಂದ ನಾ ಹುಲಿಗೆವ್ವನ ಕೂಡ ಪ್ಯಾಕಿಂಗಿಗೆ ಹೋಗ್ತೇನಿ. ಯಾಸ್ಮೀನಗ ಓದಾಕ ಬರತೈತಿ, ಬಿಡಸಬ್ಯಾಡ್ರಿ, ಎಲ್ಲಿಯರ ಹಾಕ್ರಿ."

ಅವನು ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತ. ಆಮೇಲೆ ಅಂಗಡಿಯ ಕಡೆಗೆ ಕಣ್ಣು ಹೊರಳಿಸಿದ. ಅಲ್ಲಿಂದ ಗುರುಲಿಂಗನ ದನಿ ಇಲ್ಲಿಯ ತನಕ ಕೇಳುತ್ತಿತ್ತು. ಬ್ಯಾನರಿನ ಅಕ್ಷರ ಕೆಂಪೇ ಇರಬೇಕು ಎಂದು ತೀರ್ಮಾನವಾಗಿತ್ತು.

"ಮತ್ತ ಗುರುಲಿಂಗಣ್ಣಗ ಏನ್ ಹೇಳ್ತೀರಿ?"

"ನಾ ಯಾಕ ಹೇಳ್ಲಿ?" ಎಂದಳು ಜಯಶ್ರೀ. "ಬೆಂಗಳೂರಿನವರು ಅವರಿಗೆ ಮೇಲ್ ಮಾಡಿ ತಿಳಸ್ತಾರಂತ."